ತಿನ್ನಿಸಲೆಂದೇ ನೆಡುವ ಬಳ್ಳಿ

ಮಲ್ಲಿಗೆಯನ್ನು ಹೂವಿಗಾಗಿ ನೆಡುತ್ತೇವೆ, ಬಸಳೆಯನ್ನು ಸಾಂಬಾರಿಗಾಗಿ, ವೀಳ್ಯದ ಬಳ್ಳಿಯನ್ನು ಎಲೆಗಾಗಿ. ಈಶ್ವರಿ ಬಳ್ಳಿಯಿಂದ ಮನೆಯವರಿಗೆ ಇಂಥ ಯಾವ ಫಲವೂ ಇಲ್ಲ. ಇದರ ಹೂವು ಎಲೆಗಳ ಮರೆಯಲ್ಲಿ ಕಣ್ಣಿಗೇ ಬೀಳದಷ್ಟು ಸಣ್ಣದು. ಎಲೆ ತಿನ್ನುವಂಥದ್ದಲ್ಲ. ಆದರೂ ಹಿತ್ತಿಲಲ್ಲಿ ಇನ್ನೊಂದೇ ಒಂದು ಬಳ್ಳಿಗೆ ಜಾಗ ಉಳಿದಿದೆ ಎಂದರೆ ನಾನು ಹೇಳುವುದು ಇದರ ಹೆಸರನ್ನೇ. ನೆಟ್ಟು, ನೀರೆರೆದು, ಸೊಂಪಾಗಿ ಹಬ್ಬಿಸಿದ ಬಳ್ಳಿ ಒಂದು ಬೆಳಿಗ್ಗೆ ಎಲೆಯೆಲ್ಲ ಕಳೆದುಕೊಂಡು ಬರೀ ಹಂಬಾಗಿ ನಿಂತಿದ್ದರೆ, ಅದು ಬಂದ ಕೆಲಸ ಆಗುತ್ತಿದೆ ಎಂದರ್ಥ.

ಈಶ್ವರಿ ಬಳ್ಳಿ, ಸಸ್ಯಶಾಸ್ತ್ರದ ಅರಿಸ್ಟೊಲೋಕಿಯಾ ಇಂಡಿಕಾ, ನಮ್ಮದೇ ನೆಲದ್ದು. ಕರಾವಳಿಯ ಪೊದೆಗಳಿಂದ ಬಯಲುಸೀಮೆಯ ಕುರುಚಲು ಕಾಡಿನವರೆಗೆ ಬೆಳೆಯುತ್ತದೆ. ಹಳ್ಳಿಯ ಹಸಿರು ಬೇಲಿಗಳು ಇದಕ್ಕೆ ಒಳ್ಳೆಯ ಆಸರೆ. ಬೇಲಿ ಹೋಗಿ ಕಾಂಪೌಂಡು ಬಂದ ಕಡೆಯೆಲ್ಲ ಅದರ ನೆಲೆ ತಪ್ಪಿದೆ. ಈ ನಷ್ಟ ಮೊದಲು ತಟ್ಟುವುದು ಮೂರು ಚಿಟ್ಟೆಗಳಿಗೆ: ಕ್ರಿಮ್ಸನ್ ರೋಸ್, ಕಾಮನ್ ರೋಸ್ ಮತ್ತು ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಮೂರರ ಮರಿಹುಳುಗಳೂ ಈ ಬಳ್ಳಿಯನ್ನು ಅಥವಾ ಇದೇ ಕುಟುಂಬದ ಇತರ ಗಿಡಬಳ್ಳಿಗಳನ್ನು ಬಿಟ್ಟರೆ ಬೇರೇನನ್ನೂ ತಿನ್ನುವುದಿಲ್ಲ.

ಬರ್ಡ್‌ವಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕಪ್ಪು ಮುಂರೆಕ್ಕೆ, ಬಂಗಾರದ ಹಳದಿಯ ಹಿಂರೆಕ್ಕೆ, ಕತ್ತಿನ ಬಳಿ ಕೆಂಪು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1932ರಲ್ಲಿ ಅಳೆದ ಒಂದು ಬರ್ಡ್‌ವಿಂಗ್ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 190 ಮಿಲಿಮೀಟರ್ ಇತ್ತು. ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಆ ದಾಖಲೆ 2020ರವರೆಗೂ ನಿಂತಿತ್ತು. ಅದನ್ನು ಮುರಿದದ್ದು ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್, ಕೇವಲ 4 ಮಿಲಿಮೀಟರ್ ಅಂತರದಿಂದ. ಮಲೆನಾಡು, ಕರಾವಳಿಯವರು ಹಿತ್ತಿಲಿನಲ್ಲಿ ಈಶ್ವರಿ ಬಳ್ಳಿ ಬೆಳೆಸಿದರೆ ಈ ಅತಿಥಿಗಾಗಿ ಕಾಯಬಹುದು. ಬೆಂಗಳೂರು, ಮೈಸೂರಿನ ಬಾಲ್ಕನಿಗೆ ಬರುವ ಸಾಧ್ಯತೆ ಹೆಚ್ಚಿರುವುದು ಎರಡು ರೋಸ್ ಚಿಟ್ಟೆಗಳಿಗೆ.

ತಾಯಿಚಿಟ್ಟೆ ಬಳ್ಳಿಯನ್ನು ಕಣ್ಣಿನಿಂದ ಮಾತ್ರ ಗುರುತಿಸುವುದಿಲ್ಲ. ಎಲೆಯ ಮೇಲೆ ಕೂತು ಮುಂಗಾಲುಗಳಿಂದ ಪಟಪಟನೆ ಬಡಿಯುತ್ತದೆ. ರುಚಿ ಹಿಡಿಯುವ ಸೂಕ್ಷ್ಮ ರೋಮಗಳು ಅದರ ಕಾಲಿನಲ್ಲಿವೆ. ಹಾಗೆ ಅದು ಹುಡುಕುವ ರಾಸಾಯನಿಕಗಳಲ್ಲಿ ಮುಖ್ಯವಾದದ್ದು ಅರಿಸ್ಟೊಲೋಕಿಕ್ ಆಮ್ಲ. ಬಳ್ಳಿ ಇದನ್ನು ತಯಾರಿಸಿಕೊಂಡದ್ದು ಎಲೆ ತಿನ್ನುವವರನ್ನು ದೂರವಿಡಲು. ಬೇರೆ ಹೆಚ್ಚಿನ ಕೀಟಗಳು ದೂರವೇ ಇರುತ್ತವೆ. ಈ ಮೂರರ ಮರಿಹುಳುಗಳು ಮಾತ್ರ ವಿಷವನ್ನು ನುಂಗಿ, ಜೀರ್ಣಿಸಿಕೊಂಡು ಸುಮ್ಮನಾಗುವುದಿಲ್ಲ, ಮೈಯಲ್ಲೇ ಕೂಡಿಡುತ್ತವೆ. ಹುಳು ಕೋಶವಾಗಿ, ಕೋಶ ಚಿಟ್ಟೆಯಾದರೂ ವಿಷ ಜೊತೆಗೇ ಉಳಿಯುತ್ತದೆ. ಅನುಭವವಿಲ್ಲದ ಹಕ್ಕಿಯೊಂದು ಕೆಂಪು ಮೈಯ ರೋಸ್ ಚಿಟ್ಟೆಯನ್ನು ಕಚ್ಚಿದರೆ ಉಗುಳಿಬಿಡುತ್ತದೆ, ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಆದ್ದರಿಂದಲೇ ಈ ಚಿಟ್ಟೆಗಳಿಗೆ ಹಾರಾಟದಲ್ಲಿ ಅವಸರವಿಲ್ಲ.

ಕತೆ ಇಲ್ಲಿಂದ ಕರಿಬೇವಿನ ಗಿಡಕ್ಕೆ ಹೊರಳುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು.

ಕರಿಬೇವು, ನಿಂಬೆ ಗಿಡಗಳಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆ ನಮ್ಮೆಲ್ಲರ ಅಂಗಳದ್ದು. ಹಕ್ಕಿ ಹಿಕ್ಕೆಯಂತೆ ಕಾಣುವ ಎಳೆಯ ಹುಳುಗಳು, ಬಲಿತ ಮೇಲೆ ಹಸಿರು. ಅದರ ಮೈಯಲ್ಲಿ ಈ ವಿಷವಿಲ್ಲ, ಹಕ್ಕಿಗಳಿಗೆ ಒಳ್ಳೆಯ ಊಟ. ಗಂಡು ಚಿಟ್ಟೆಗಳೆಲ್ಲ ಒಂದೇ ತೆರ, ಕಪ್ಪಿನ ಮೇಲೆ ಬಿಳಿ ಚುಕ್ಕೆಯ ಸಾಲು. ಹೆಣ್ಣುಗಳಲ್ಲಿ ಮಾತ್ರ ನಮ್ಮಲ್ಲಿ ಮೂರು ರೂಪಗಳಿವೆ. ಒಂದು ಗಂಡಿನಂತೆಯೇ ಇರುತ್ತದೆ, ಇನ್ನೊಂದು ಕಾಮನ್ ರೋಸ್‌ನ ನಕಲು, ಮೂರನೆಯದು ಕ್ರಿಮ್ಸನ್ ರೋಸ್‌ನ ನಕಲು. ಒಂದೇ ತಾಯಿಯ ಹೆಣ್ಣುಮಕ್ಕಳು ಬೇರೆ ಬೇರೆ ವೇಷದಲ್ಲಿ ಹುಟ್ಟಬಹುದು. ಈ ಹೆಣ್ಣುಗಳೆಲ್ಲ ಒಂದೇ ಪ್ರಭೇದ ಎಂಬುದನ್ನು ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿ ವಿವರಿಸಿದ. ರೆಕ್ಕೆಯ ಆಕಾರ, ಬಣ್ಣ, ಚುಕ್ಕೆ ಇಷ್ಟೆಲ್ಲ ಒಟ್ಟಿಗೇ ಬದಲಾಗಬೇಕಾದರೆ ಹಲವು ಜೀನ್‌ಗಳು ಗುಂಪಾಗಿ ಕೆಲಸ ಮಾಡಬೇಕು ಎಂದು ಬಹುಕಾಲ ಭಾವಿಸಲಾಗಿತ್ತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ್ ಕುಂಟೆ ಮತ್ತು ಅಮೆರಿಕದ ಸಂಗಡಿಗರು 2014ರಲ್ಲಿ ತೋರಿಸಿದ್ದು ಬೇರೆಯೇ: ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಈ ವೇಷವನ್ನೆಲ್ಲ ನಿರ್ಧರಿಸುತ್ತದೆ. ಕೀಟಗಳಲ್ಲಿ ಗಂಡು ಹೆಣ್ಣಿನ ಮೈಕಟ್ಟನ್ನು ರೂಪಿಸುವ ಜೀನ್ ಅದು.

ಹತ್ತಿರದಿಂದ ನೋಡಿದರೆ ನಕಲನ್ನು ಹಿಡಿಯಬಹುದು. ರೋಸ್ ಚಿಟ್ಟೆಗಳ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಹಕ್ಕಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಆದರೆ ವೇಷ ಕೆಲಸ ಮಾಡುವುದು ಸುತ್ತಮುತ್ತ ಅಸಲಿ ಚಿಟ್ಟೆ ಸಾಕಷ್ಟು ಇದ್ದಾಗ ಮಾತ್ರ. ಕೆಂಪುಚುಕ್ಕೆಯ ಚಿಟ್ಟೆಯನ್ನು ತಿಂದು ಪೇಚಾಡಿದ ಹಕ್ಕಿಯೇ ಊರಿನಲ್ಲಿ ಇಲ್ಲದಿದ್ದರೆ ವೇಷಕ್ಕೆ ಹೆದರುವವರು ಯಾರು? ನೀವು ನೆಟ್ಟ ಈಶ್ವರಿ ಬಳ್ಳಿ ತನ್ನನ್ನು ತಿನ್ನದ, ಪಕ್ಕದ ಕರಿಬೇವಿನಲ್ಲಿ ಹುಟ್ಟಿದ ಚಿಟ್ಟೆಯನ್ನೂ ಹೀಗೆ ಕಾಯುತ್ತದೆ.

ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು ಎಂದೆ. ಹುಡುಕಿ ನೋಡಬೇಕಾದ ಹೂವು ಅದು. ಬುಡದಲ್ಲಿ ಉಬ್ಬಿದ ಕೋಣೆ, ಮೇಲೆ ಕಿರಿದಾದ ಕೊಳವೆ. ವಾಸನೆಗೆ ಬಂದ ಪುಟ್ಟ ನೊಣಗಳು ಕೊಳವೆಯಲ್ಲಿ ಇಳಿಯುತ್ತವೆ. ಒಳಮುಖವಾಗಿ ಬಾಗಿದ ರೋಮಗಳು ಅವನ್ನು ಹೊರಗೆ ಬಿಡುವುದಿಲ್ಲ. ಮೊದಲು ಪಕ್ವವಾಗುವುದು ಹೂವಿನ ಹೆಣ್ಣು ಭಾಗ. ನೊಣ ಬೇರೆ ಹೂವಿನಿಂದ ತಂದ ಪರಾಗ ಅಲ್ಲಿಗೆ ತಲುಪುತ್ತದೆ. ಆಮೇಲೆ ಪರಾಗಕೋಶಗಳು ಒಡೆದು, ರೋಮಗಳು ಬಾಡಿ, ಹೊಸ ಪರಾಗ ಹೊತ್ತ ನೊಣ ಹೊರಬೀಳುತ್ತದೆ. ಯುರೋಪಿನ ಸೋದರ ಪ್ರಭೇದದಲ್ಲಿ ಇಂಥ ಸೆರೆಯನ್ನು ಜರ್ಮನಿಯ ಸಸ್ಯವಿಜ್ಞಾನಿ ಸ್ಪ್ರೆಂಗೆಲ್ 1793ರಲ್ಲೇ ವರ್ಣಿಸಿದ್ದ.

ಬೆಳೆಸುವುದು ಕಷ್ಟವಲ್ಲ. ನೀರು ನಿಲ್ಲದ ಮಣ್ಣು, ಬೆಳಗಿನ ಬಿಸಿಲು, ಸುತ್ತಿಕೊಳ್ಳಲು ತೆಳ್ಳನೆಯ ಆಸರೆ ಇಷ್ಟಿದ್ದರೆ ಸಾಕು. ಇದಕ್ಕೆ ಕುಡಿಬಳ್ಳಿಗಳಿಲ್ಲ, ಕಾಂಡವೇ ಸುತ್ತುತ್ತಾ ಏರುತ್ತದೆ. ಹಾಗಾಗಿ ದಪ್ಪ ಕಂಬಕ್ಕಿಂತ ತಂತಿ, ದಾರ, ಬಿದಿರಿನ ಕಡ್ಡಿ ಒಳ್ಳೆಯದು. ಹೊಸ ಬೀಜದಿಂದಲೂ ಬರುತ್ತದೆ, ಅರೆಬಲಿತ ಕಾಂಡದ ತುಂಡಿನಿಂದಲೂ ಬರುತ್ತದೆ. ಮಳೆಗಾಲದ ಆರಂಭ ಸರಿಯಾದ ಸಮಯ. ಕುಂಡದಲ್ಲಾದರೆ ಆಳವಾದದ್ದು ಬೇಕು, ಈ ಬಳ್ಳಿಯ ಬಲವೆಲ್ಲ ಗಟ್ಟಿಯಾದ ಬೇರಿನಲ್ಲಿದೆ. ಹುಳುಗಳು ಎಲೆ ಮುಗಿಸಿ ಎಳೆ ಕಾಂಡವನ್ನೂ ಕೆರೆದು ತಿಂದರೂ ಬುಡದಿಂದ ಮತ್ತೆ ಚಿಗುರುತ್ತದೆ. ಕಾಡಿನಿಂದ ಬೇರುಸಹಿತ ಕಿತ್ತು ತರುವುದು ಮಾತ್ರ ಬೇಡ. ಒಂದು ಬಳ್ಳಿ ಇಲ್ಲಿ ಹೆಚ್ಚಾಗಿ ಅಲ್ಲಿ ಕಡಿಮೆಯಾದರೆ ಚಿಟ್ಟೆಗೆ ಸಿಕ್ಕಿದ್ದೇನು?

ಮೊದಲ ವರ್ಷ ಬಳ್ಳಿಗೆ ಹಬ್ಬಲು ಅವಕಾಶ ಕೊಡಿ. ಹುಳುಗಳು ಬಂದವೆಂದರೆ ಹೆದರಬೇಡಿ. ಕಪ್ಪುಗೆಂಪು ಮೈ, ಮೈತುಂಬ ಮೆತ್ತನೆಯ ಮುಳ್ಳಿನಂಥ ಗುಬುಟುಗಳು. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲನ್ನು ಹೊರಚಾಚಿ ಹೆದರಿಸುತ್ತವೆ, ಅಷ್ಟೇ. ಆ ಬಳ್ಳಿಗೂ ಅಕ್ಕಪಕ್ಕದ ಗಿಡಗಳಿಗೂ ಕೀಟನಾಶಕ ತಾಕಬಾರದು. ದೊಡ್ಡ ಚಿಟ್ಟೆಗಳ ಮಕರಂದಕ್ಕೆ ಕೇಪಳ, ಮುಸ್ಸಂಡ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ನರ್ಸರಿಯಲ್ಲಿ ಒಂದು ಎಚ್ಚರ ಬೇಕು. ದಕ್ಷಿಣ ಅಮೆರಿಕದಿಂದ ಬಂದ, ದೊಡ್ಡ ದೊಡ್ಡ ಹೂ ಬಿಡುವ ಅಲಂಕಾರಿಕ ಅರಿಸ್ಟೊಲೋಕಿಯಾಗಳೂ ಅಲ್ಲಿ ಸಿಗುತ್ತವೆ. ಆಸ್ಟ್ರೇಲಿಯಾದಲ್ಲಿ ಇಂಥದ್ದೇ ಒಂದು ಬಳ್ಳಿ ತೋಟಗಳಿಂದ ಕಾಡಿಗೆ ಹಬ್ಬಿತು. ಅಲ್ಲಿನ ರಿಚ್‌ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅದನ್ನು ತನ್ನ ಬಳ್ಳಿಯೆಂದು ತಿಳಿದು ಮೊಟ್ಟೆಯಿಟ್ಟಿತು, ಎಲೆ ತಿಂದ ಮರಿಗಳು ಸತ್ತವು. ಅಲ್ಲಿ ಶಾಲೆಯ ಮಕ್ಕಳೂ ಮನೆಮನೆಯವರೂ ಸೇರಿ ಸ್ಥಳೀಯ ಬಳ್ಳಿಯನ್ನು ಮತ್ತೆ ನೆಟ್ಟು ಬೆಳೆಸಬೇಕಾಯಿತು. ಒಂದೇ ಕುಲದ ಹೆಸರಿದ್ದ ಮಾತ್ರಕ್ಕೆ ಕೊಳ್ಳಬೇಡಿ, ಈಶ್ವರಿ ಬಳ್ಳಿಯನ್ನೇ ಕೇಳಿ ತನ್ನಿ.

ಇನ್ನು ಮನುಷ್ಯರ ಮಾತು. ಹಾವು ಕಚ್ಚಿದರೆ ಈಶ್ವರಿ ಬೇರು ಎಂಬ ನಂಬಿಕೆ ಇನ್ನೂ ಇದೆ. ಹಾವು ಕಚ್ಚಿದವರಿಗೆ ಬೇಕಾದದ್ದು ಆಸ್ಪತ್ರೆ ಮತ್ತು ಪ್ರತಿವಿಷದ ಚುಚ್ಚುಮದ್ದು, ಬೇರು ತೇಯುತ್ತ ಕಳೆಯುವ ಪ್ರತಿ ನಿಮಿಷವೂ ನಷ್ಟ. ಅರಿಸ್ಟೊಲೋಕಿಕ್ ಆಮ್ಲ ನಮ್ಮ ಮೂತ್ರಪಿಂಡವನ್ನು ಹಾಳುಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ನುಂಗಿದ ಹಲವು ಮಹಿಳೆಯರ ಮೂತ್ರಪಿಂಡಗಳು ಸೋತಾಗ, ಅದರಲ್ಲಿ ಈ ಕುಲದ ಸಸ್ಯವೊಂದು ಸೇರಿದ್ದು ಪತ್ತೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಆಮ್ಲವನ್ನು ಕ್ಯಾನ್ಸರ್ ತರುವುದೆಂದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಬಳ್ಳಿ ಹಿತ್ತಿಲಲ್ಲಿರುವುದರಿಂದ ಅಪಾಯವಿಲ್ಲ, ಹೊಟ್ಟೆಗೆ ಹೋಗಬಾರದು. ಕಷಾಯ ಬೇಡ, ಪುಡಿ ಬೇಡ, ಮಕ್ಕಳಿಗೆ ತಿಳಿಸಿ ಹೇಳಿ, ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಕಾಯಿ ಒಣಗಿದಾಗ ಕೆಳಮುಖವಾಗಿ ಸೀಳಿ, ತೊಟ್ಟಿನ ಎಳೆಗಳ ಮೇಲೆ ಪುಟ್ಟ ತೂಗುಬುಟ್ಟಿಯಂತೆ ತೂಗುತ್ತದೆ. ಒಳಗಿನ ಚಪ್ಪಟೆ ಬೀಜಗಳು ಗಾಳಿಗೆ ಹಾರುವ ಮುಂಚೆ ಕೂಡಿಟ್ಟುಕೊಳ್ಳಿ. ಒಂದು ಮನೆಯ ಬಳ್ಳಿಯನ್ನು ಹುಳುಗಳು ಬೋಳು ಮಾಡಿದ ವಾರಗಳಲ್ಲಿ ಮುಂದಿನ ತಾಯಿಚಿಟ್ಟೆಗೆ ಎಲೆಯಿರುವ ಇನ್ನೊಂದು ಬಳ್ಳಿ ಅದೇ ಬೀದಿಯಲ್ಲಿ ಬೇಕು. ಆದ್ದರಿಂದ ಆ ಬೀಜಗಳಲ್ಲಿ ಅರ್ಧವನ್ನಾದರೂ ಪಕ್ಕದ ಮನೆಯವರಿಗೆ ಕೊಡಿ.