ಬದುವಿನ ಉತ್ತರಾಣಿ, ಬೂದಿಯ ಔಷಧಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವಾಗ ಯಾವುದಾದರೊಂದು ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಸೀರೆಯ ಅಂಚಿಗೋ ಬುರ್ಖಾದ ತುದಿಗೋ ಮುಳ್ಳಿನಂತಹ ಸಣ್ಣ ಕಾಳುಗಳು ಅಂಟಿಕೊಳ್ಳುತ್ತವೆ. ಅದೇ ಉತ್ತರಾಣಿ. ಸಂಸ್ಕೃತದಲ್ಲಿ ಅಪಾಮಾರ್ಗ. ನಾವು ಕಳೆಯೆಂದು ಕಿತ್ತೆಸೆಯುವ ಈ ಗಿಡವನ್ನು ಸುಟ್ಟ ಬೂದಿಯಿಂದ ಆಯುರ್ವೇದ ವೈದ್ಯರು ‘ಕ್ಷಾರ’ ಎಂಬ ಔಷಧಿ ತಯಾರಿಸುತ್ತಾರೆ. ಮೂಲವ್ಯಾಧಿ ಮತ್ತು ಭಗಂದರದ ಚಿಕಿತ್ಸೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಬೂದಿಯೂ ಔಷಧಿಯೇ ಎಂದು ನೀವು ಕೇಳಬಹುದು. ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಖಕ್ಕೆ ಗಾಯವಾದಾಗ ಅಲಿ(ರ) ನೀರು ಸುರಿದರು, ಫಾತಿಮಾ(ರ) ತೊಳೆದರು. ರಕ್ತ ನಿಲ್ಲದಿದ್ದಾಗ ಫಾತಿಮಾ(ರ) ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರೆಂದು ಹದೀಸ್‌ಗಳಲ್ಲಿದೆ. ಕ್ಷಾರಕ್ಕೆ ವಿಜ್ಞಾನಿಗಳು ಹೇಳುವ ‘ಆಲ್ಕಲಿ’ ಎಂಬ ಪದವೂ ಅರಬಿಯ ‘ಅಲ್-ಕಲಿ’ಯಿಂದ ಬಂದದ್ದು. ಸಸ್ಯದ ಬೂದಿ ಎಂದೇ ಅದರ ಅರ್ಥ.

ತಯಾರಿಸುವ ಬಗೆ

ಉತ್ತರಾಣಿಯನ್ನು ಬೇರುಸಹಿತ ಕಿತ್ತು, ಮಣ್ಣು ತೊಳೆದು ಚೆನ್ನಾಗಿ ಒಣಗಿಸುತ್ತಾರೆ. ಬೇರೆ ಸೌದೆ, ಕಸ ಸೇರದಂತೆ ಕಬ್ಬಿಣದ ಬಾಣಲೆಯಲ್ಲಿ ಅದನ್ನು ಬೆಳ್ಳನೆಯ ಬೂದಿಯಾಗುವವರೆಗೆ ಸುಡುತ್ತಾರೆ. ಬೂದಿ ತಾನಾಗಿ ಆರಬೇಕು. ಬಳಿಕ ಒಂದು ಪಾಲು ಬೂದಿಗೆ ಆರು ಪಾಲು ನೀರು ಬೆರೆಸಿ, ಚೆನ್ನಾಗಿ ಕದಡಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಒಂದೆರಡು ಸಲವಲ್ಲ, 21 ಸಲ! ಆ ತಿಳಿನೀರನ್ನು ಸಣ್ಣ ಉರಿಯಲ್ಲಿ ಕಲಕುತ್ತಾ ಬತ್ತಿಸಿದರೆ ಪಾತ್ರೆಯ ತಳದಲ್ಲಿ ಉಪ್ಪಿನಂತಹ ಬಿಳಿ ಪುಡಿ ಉಳಿಯುತ್ತದೆ. ಅದೇ ಅಪಾಮಾರ್ಗ ಕ್ಷಾರ. ರಾಶಿ ಗಿಡ ಸುಟ್ಟರೂ ಸಿಗುವುದು ಸ್ವಲ್ಪವೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತಾರೆ.

ಇಷ್ಟೆಲ್ಲ ಸೋಸುವುದೇಕೆ? ಬೂದಿಯಲ್ಲಿರುವ ಪೊಟ್ಯಾಶಿಯಂ ಲವಣಗಳು ನೀರಿನಲ್ಲಿ ಕರಗುತ್ತವೆ. ಸುಣ್ಣದ ಅಂಶ ಮತ್ತು ಕರಿ ಹೆಚ್ಚಾಗಿ ಕರಗದೆ ಬಟ್ಟೆಯಲ್ಲಿ ಉಳಿಯುತ್ತವೆ. ನಮ್ಮ ಅಜ್ಜಿಯರು ಬೂದಿನೀರಿನಲ್ಲಿ ಬಟ್ಟೆ ಒಗೆದು, ಬೂದಿಯಿಂದ ಪಾತ್ರೆಯ ಜಿಡ್ಡು ತೆಗೆಯುತ್ತಿದ್ದುದೂ ಇದೇ ಗುಣದಿಂದ. ಜಿಡ್ಡನ್ನು ಕತ್ತರಿಸುವ ಆ ಶಕ್ತಿ ಇಲ್ಲಿ ಹಲವು ಪಟ್ಟು ಹೆಚ್ಚಿರುತ್ತದೆ.

ನೂಲಿನಿಂದ ಚಿಕಿತ್ಸೆ

ಗುಣವಾಗದ ಭಗಂದರಕ್ಕೆ ವೈದ್ಯರು ಬಳಸುವುದು ಕ್ಷಾರಸೂತ್ರ. ಗಟ್ಟಿ ನೂಲಿಗೆ ಮೊದಲು 11 ಸಲ ಎಲೆಗಳ್ಳಿಯ ಹಾಲು, ನಂತರ 7 ಸಲ ಆ ಹಾಲಿನೊಂದಿಗೆ ಉತ್ತರಾಣಿ ಕ್ಷಾರ, ಕೊನೆಗೆ 3 ಸಲ ಹಾಲು ಮತ್ತು ಅರಿಶಿನ ಲೇಪಿಸಿ ಒಣಗಿಸುತ್ತಾರೆ. ಒಟ್ಟು 21 ಲೇಪ. ಬದುವಿನ ಉತ್ತರಾಣಿ, ಬೇಲಿಯ ಕಳ್ಳಿ, ಹೊಲದ ಅರಿಶಿನ. ಅರಿಶಿನ ಬೆಳೆಯುವ ಗುಂಡ್ಲುಪೇಟೆ, ಚಾಮರಾಜನಗರದವರಿಗೆ ಈ ಮೂರೂ ಹೊಸತಲ್ಲ!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 502 ರೋಗಿಗಳ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 11 ಮಂದಿಗೆ ಭಗಂದರ ಮರುಕಳಿಸಿತ್ತು. ಕ್ಷಾರಸೂತ್ರ ಕಟ್ಟಿಸಿಕೊಂಡವರಲ್ಲಿ ಅದು ಶೇ. 4 ಮಾತ್ರ. ಆದರೆ ಗಾಯ ಮಾಯಲು ಶಸ್ತ್ರಚಿಕಿತ್ಸೆಯಲ್ಲಿ 4 ವಾರ ಸಾಕಾದರೆ ಇದಕ್ಕೆ 8 ವಾರ ಬೇಕಾಯಿತು. ತಾಳ್ಮೆ ಬೇಕು.

ಮನೆಯಲ್ಲಿ ಬೇಡ

ತಯಾರಿಯ ಕ್ರಮ ತಿಳಿಯಿತಲ್ಲ, ಮನೆಯಲ್ಲೇ ಮಾಡೋಣ ಎಂದುಕೊಂಡಿರಾ? ದಯವಿಟ್ಟು ಬೇಡ. ಕ್ಷಾರವು ರೋಗದ ಮಾಂಸವನ್ನು ಕರಗಿಸುವಂತೆಯೇ ಒಳ್ಳೆಯ ಮಾಂಸವನ್ನೂ ಸುಡುತ್ತದೆ. ಕಳ್ಳಿಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ದುರ್ಬಲರಿಗೆ ಕ್ಷಾರ ಪ್ರಯೋಗ ಸಲ್ಲದೆಂದು ಸುಶ್ರುತ ಸಂಹಿತೆಯೇ ಎಚ್ಚರಿಸಿದೆ. ಒಲೆಯ ಬೂದಿಯನ್ನು ಗಾಯಕ್ಕೋ ಹಸುಗೂಸಿನ ಹೊಕ್ಕುಳಿಗೋ ಹಚ್ಚುವುದಂತೂ ಧನುರ್ವಾಯುವಿಗೆ ಬಾಗಿಲು ತೆರೆದಂತೆ. ಫಾತಿಮಾ(ರ) ಅಂದು ತಮಗೆ ತಿಳಿದಿದ್ದ, ಕೈಗೆಟುಕಿದ ಉಪಾಯವನ್ನು ತಡಮಾಡದೆ ಬಳಸಿದರು. ಇಂದು ನಮ್ಮ ಕೈಗೆ ಎಟುಕುವುದು ಆಸ್ಪತ್ರೆ.

ಸಹೋದರಿಯರೇ, ನಿಜವಾದ ತೊಂದರೆ ಇರುವುದು ನಮ್ಮ ನಾಚಿಕೆಯಲ್ಲಿ. ಹೆರಿಗೆಯ ನಂತರ ಮೂಲವ್ಯಾಧಿಯಿಂದ ನರಳುತ್ತಾ, ಗಂಡನಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರು ನಮ್ಮಲ್ಲಿ ಎಷ್ಟಿಲ್ಲ! ಕೊನೆಗೆ ಗೋಡೆಯ ಮೇಲಿನ ಜಾಹೀರಾತು ನೋಡಿ ನಕಲಿ ವೈದ್ಯರ ಬಳಿಗೆ ಗುಟ್ಟಾಗಿ ಹೋಗುತ್ತಾರೆ. ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಆಗಿರಬೇಕೆಂದಿಲ್ಲ, ಕರುಳಿನ ಕ್ಯಾನ್ಸರೂ ಆಗಿರಬಹುದು. ಪರೀಕ್ಷೆ ಮಾಡಿಸದೆ ತಿಳಿಯದು. ಮಹಿಳಾ ವೈದ್ಯರನ್ನು ಕೇಳಿಕೊಳ್ಳಿ. ಕ್ಷಾರಸೂತ್ರ ಬೇಕೆಂದಾದರೆ ಆಯುರ್ವೇದ ಶಲ್ಯತಂತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರನ್ನೇ ಹುಡುಕಿ.

ನಾಚಿಕೆಯು ಈಮಾನಿನ ಭಾಗ, ನಿಜ. ಆದರೆ ಕಲಿಯಬೇಕಾದುದನ್ನು ಕೇಳಲು ನಾಚಿಕೆಯನ್ನು ಅಡ್ಡ ತಾರದ ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದರು. ವೈದ್ಯ ತಿಳಿಯದೆ ಚಿಕಿತ್ಸೆ ಮಾಡುವವನು ಆದ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬದುವಿನ ಗಿಡದಲ್ಲೂ ಅಲ್ಲಾಹನು ಶಮನವನ್ನಿಟ್ಟಿದ್ದಾನೆ. ಅದನ್ನು ಬಲ್ಲವರ ಕೈಯಿಂದ ಪಡೆಯೋಣ. ನೋವನ್ನು ಮುಚ್ಚಿಡದೆ ಇಂದೇ ಮನೆಯವರಲ್ಲಿ ಹೇಳಿ.