ವಿಂಡೋಸ್ 11ಕ್ಕೆ ಬಂದ ಮೇಲೆ ಅನುಮತಿಗಳನ್ನು ಸರಿಪಡಿಸಿಕೊಳ್ಳುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ, ಕಚೇರಿ, ಡಿಟಿಪಿ ಅಂಗಡಿಗಳ ಎಷ್ಟೋ ಕಂಪ್ಯೂಟರುಗಳು ಈಗ ವಿಂಡೋಸ್ 11ಕ್ಕೆ ಬಂದಿವೆ. ಹಾಗೆ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಳೆಯ ಡಿಸ್ಕಿನಲ್ಲಿದ್ದ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆಯುವುದಿಲ್ಲ. ಹೊಸ ತಂತ್ರಾಂಶ ಹಾಕಹೋದರೆ ಪಾಸ್‌ವರ್ಡ್ ಕೇಳುತ್ತದೆ. ವಿಡಿಯೊ ಕರೆಯಲ್ಲಿ ನಮ್ಮ ದನಿ ಆಚೆಯವರಿಗೆ ಕೇಳಿಸುವುದಿಲ್ಲ. ಇಂಥ ಹೊತ್ತಿನಲ್ಲಿ ಹಲವರು ಬೇಸತ್ತು ಎಲ್ಲರಿಗೂ ಎಲ್ಲ ಅಧಿಕಾರವನ್ನೂ ಕೊಟ್ಟುಬಿಡುತ್ತಾರೆ. ಆ ಕ್ಷಣಕ್ಕೆ ಕೆಲಸ ನಡೆಯುತ್ತದೆ, ಆದರೆ ಕಂಪ್ಯೂಟರಿನ ಕಾವಲೇ ಇಲ್ಲವಾಗುತ್ತದೆ. ಈ ಮೂರು ದೂರುಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ತಡೆಯುತ್ತಿರುವುದು ಯಾವುದೆಂದು ಮೊದಲು ಗುರುತಿಸಿ ಅಷ್ಟನ್ನು ಮಾತ್ರ ಸಡಿಲಿಸಿದರೆ ಸಾಕು.

ಖಾತೆ ಯಾವ ಬಗೆಯದು?

ವಿಂಡೋಸ್‌ನಲ್ಲಿ ಖಾತೆಗಳು ಎರಡು ಬಗೆ: ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್ ಯೂಸರ್. ವಿಂಡೋಸ್ ಹಾಕುವಾಗ ಮೊದಲು ಮಾಡಿಕೊಂಡ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ. ಆಮೇಲೆ ಸೇರಿಸಿದವು ನಾವು ಬದಲಿಸದ ಹೊರತು ಸ್ಟ್ಯಾಂಡರ್ಡ್ ಆಗಿಯೇ ಉಳಿಯುತ್ತವೆ. ಬದಲಿಸಬೇಕಾದರೆ 'ಸೆಟ್ಟಿಂಗ್ಸ್' ತೆರೆದು 'ಅಕೌಂಟ್ಸ್', ಅದರೊಳಗೆ 'ಅದರ್ ಯೂಸರ್ಸ್'ಗೆ ಹೋಗಿ, ಬೇಕಾದ ಹೆಸರನ್ನು ಆರಿಸಿ 'ಚೇಂಜ್ ಅಕೌಂಟ್ ಟೈಪ್' ಒತ್ತಬೇಕು.

ದಿನನಿತ್ಯದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ, ತಂತ್ರಾಂಶ ಹಾಕಲು ಮತ್ತು ಸೆಟ್ಟಿಂಗ್ ಬದಲಿಸಲು ಪ್ರತ್ಯೇಕ ಅಡ್ಮಿನಿಸ್ಟ್ರೇಟರ್ ಖಾತೆ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಮೋಸದ ಇಮೇಲ್‌ನಿಂದ ಒಂದು ಕೆಟ್ಟ ಪ್ರೋಗ್ರಾಂ ಒಳಬಂದರೂ, ಸ್ಟ್ಯಾಂಡರ್ಡ್ ಖಾತೆಯಲ್ಲಿ ಅದು ಇಡೀ ಸಿಸ್ಟಂ ಅನ್ನು ಸುಲಭವಾಗಿ ಕೈವಶ ಮಾಡಿಕೊಳ್ಳಲಾರದು. ಆದರೆ ಇರುವ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಅವಸರದಲ್ಲಿ ಇಳಿಸಹೋಗಬೇಡಿ. ಮೊದಲು ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ, ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಸ್ಟ್ಯಾಂಡರ್ಡ್ ಮಾಡಿ.

ಇದರ ಜೊತೆಗೇ ಬರುವುದು 'ಯೂಸರ್ ಅಕೌಂಟ್ ಕಂಟ್ರೋಲ್'. ಪರದೆ ಮಬ್ಬಾಗಿ, ಬದಲಾವಣೆ ಮಾಡಲು ಬಿಡಬೇಕೇ ಎಂದು ಕೇಳುವ ಪೆಟ್ಟಿಗೆ ಇದೇ. ವಿಂಡೋಸ್ ವಿಸ್ಟಾ ಕಾಲದಿಂದ ಇದು ಜೊತೆಗಿದೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಲಾಗಿನ್ ಆದರೂ ನಾವು ತೆರೆಯುವ ಪ್ರೋಗ್ರಾಂಗಳು ಸಾಮಾನ್ಯ ಅಧಿಕಾರದಲ್ಲೇ ಓಡುತ್ತವೆ. 'ಎಸ್' ಒತ್ತಿದಾಗ ಆ ಒಂದು ಪ್ರೋಗ್ರಾಂಗೆ ಮಾತ್ರ ಪೂರ್ಣ ಅಧಿಕಾರ ಸಿಗುತ್ತದೆ. ಸ್ಟ್ಯಾಂಡರ್ಡ್ ಖಾತೆಯಲ್ಲಾದರೆ ಅಡ್ಮಿನಿಸ್ಟ್ರೇಟರ್‌ನ ಪಾಸ್‌ವರ್ಡ್ ಅಥವಾ ಪಿನ್ ಕೊಡಬೇಕಾಗುತ್ತದೆ. ಇದರ ಸೆಟ್ಟಿಂಗ್‌ನಲ್ಲಿ ನಾಲ್ಕು ಹಂತಗಳಿದ್ದು, ಮೇಲಿನಿಂದ ಎರಡನೆಯದು ಕಂಪನಿಯೇ ಇಟ್ಟುಕೊಟ್ಟದ್ದು. ಕಿರಿಕಿರಿ ಎಂದು ಅದನ್ನು ಕೆಳತುದಿಗೆ ಇಳಿಸಬೇಡಿ. ನೀವು ಏನನ್ನೂ ಹಾಕಲು ಹೋಗದಿದ್ದಾಗ ಈ ಪೆಟ್ಟಿಗೆ ತಾನಾಗಿ ಕಾಣಿಸಿಕೊಂಡರೆ 'ನೋ' ಒತ್ತಿ.

ಹಳೆಯ ಫೋಲ್ಡರ್ ಏಕೆ ತೆರೆಯುವುದಿಲ್ಲ?

ಅಪ್‌ಗ್ರೇಡ್ ಎರಡು ರೀತಿಯಲ್ಲಿ ಆಗುತ್ತದೆ. ಇದ್ದ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದರೆ ಖಾತೆ, ಫೈಲು, ಅನುಮತಿಗಳು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಹಳೆಯ ಫೈಲುಗಳನ್ನು ಬೇರೆ ಡ್ರೈವಿನಲ್ಲಿ ಉಳಿಸಿಕೊಂಡು, ವಿಂಡೋಸ್ ಇದ್ದ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೆ, ಅಥವಾ ಹೊಸ ಕಂಪ್ಯೂಟರಿಗೆ ಹಳೆಯ ಡಿಸ್ಕ್ ಜೋಡಿಸಿದರೆ, ತೊಡಕು ಶುರುವಾಗುತ್ತದೆ.

ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ, ಪ್ರತಿ ಖಾತೆಗೂ ಕೊಟ್ಟಿರುವ ಒಂದು ಉದ್ದನೆಯ ಗುರುತು ಸಂಖ್ಯೆಯಿಂದ ಗುರುತಿಸುತ್ತದೆ. ಫೈಲಿನ ಅನುಮತಿ ಪಟ್ಟಿಯಲ್ಲಿ ದಾಖಲಾಗುವುದೂ ಆ ಸಂಖ್ಯೆಯೇ. ಹೊಸದಾಗಿ ವಿಂಡೋಸ್ ಹಾಕಿ ಅದೇ ಹೆಸರಿನ ಖಾತೆ ಮಾಡಿದರೂ ಸಂಖ್ಯೆ ಬೇರೆಯಾಗುತ್ತದೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಇನ್ನೊಬ್ಬರ ಪಹಣಿಯ ಜಮೀನು ನಮ್ಮದಾಗದಲ್ಲ, ಇದೂ ಹಾಗೆಯೇ. ಫೋಲ್ಡರಿನ 'ಪ್ರಾಪರ್ಟೀಸ್'ನಲ್ಲಿ 'ಸೆಕ್ಯುರಿಟಿ' ತೆರೆದಾಗ ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಸಾಲು ಕಂಡರೆ, ಅದು ಈಗ ಇಲ್ಲದ ಹಳೆಯ ಖಾತೆಯ ಗುರುತು ಇರಬಹುದು.

ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಫೋಲ್ಡರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ 'ಕಂಟಿನ್ಯೂ' ಎಂಬ ಆಯ್ಕೆ ಬರುತ್ತದೆ. ಹಲವು ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಆಗದಿದ್ದರೆ ಹೀಗೆ ಮಾಡಿ:

1. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಸೆಕ್ಯುರಿಟಿ', 'ಅಡ್ವಾನ್ಸ್ಡ್' ತೆರೆಯಿರಿ.
2. ಮೇಲ್ಗಡೆ 'ಓನರ್' ಪಕ್ಕದ 'ಚೇಂಜ್' ಒತ್ತಿ, ನಿಮ್ಮ ಖಾತೆಯ ಹೆಸರು ಬರೆದು 'ಚೆಕ್ ನೇಮ್ಸ್' ಒತ್ತಿ.
3. ಒಳಗಿನ ಫೋಲ್ಡರುಗಳಿಗೂ ಅನ್ವಯವಾಗುವಂತೆ ಮಾಲೀಕರನ್ನು ಬದಲಿಸುವ ಪೆಟ್ಟಿಗೆಗೆ ಟಿಕ್ ಹಾಕಿ 'ಅಪ್ಲೈ' ಕೊಡಿ.
4. ಕಿಟಕಿ ಮುಚ್ಚಿ ಮತ್ತೆ ತೆರೆದು, ನಿಮ್ಮ ಖಾತೆಯನ್ನು ಪಟ್ಟಿಗೆ ಸೇರಿಸಿ 'ಮಾಡಿಫೈ' ಅನುಮತಿ ಕೊಡಿ.

ಮಾಲೀಕತ್ವ ಬೇರೆ, ಅನುಮತಿ ಬೇರೆ. ಅನುಮತಿ ಪಟ್ಟಿಯನ್ನು ಬದಲಿಸುವ ಹಕ್ಕು ಮಾಲೀಕರಿಗಿರುತ್ತದೆ. ಓದಲು, ಬರೆಯಲು ಅನುಮತಿಯನ್ನು ಪ್ರತ್ಯೇಕವಾಗಿ ಕೊಟ್ಟುಕೊಳ್ಳಬೇಕು. ಅದಕ್ಕೇ ನಾಲ್ಕನೆಯ ಹೆಜ್ಜೆಯನ್ನು ಬಿಡುವಂತಿಲ್ಲ. 'ಡಿನೈ' ಕಾಲಂಗೆ ಕೈಹಾಕಬೇಡಿ. ಒಂದೇ ಪಟ್ಟಿಯಲ್ಲಿ 'ಅಲೋ' ಮತ್ತು 'ಡಿನೈ' ಎರಡೂ ಇದ್ದರೆ ಸಾಮಾನ್ಯವಾಗಿ ಗೆಲ್ಲುವುದು 'ಡಿನೈ'. 'ಎವರಿಒನ್' ಹೆಸರಿಗೆ 'ಫುಲ್ ಕಂಟ್ರೋಲ್' ಕೊಡುವುದೂ ಬೇಡ. ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳ ಮಾಲೀಕತ್ವವನ್ನಂತೂ ಬದಲಿಸಲೇಬಾರದು. ಅಲ್ಲಿ 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ಮಾಲೀಕನ ಹೆಸರಿರುವುದು ಸಿಸ್ಟಂ ಫೈಲುಗಳ ರಕ್ಷಣೆಗಾಗಿಯೇ.

ಮೈಕ್ ಮತ್ತು ಕ್ಯಾಮೆರಾ

ಇದು ಖಾತೆಯ ಅಥವಾ ಫೈಲಿನ ವಿಚಾರವಲ್ಲ. 'ಸೆಟ್ಟಿಂಗ್ಸ್'ನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯಲ್ಲಿ 'ಮೈಕ್ರೋಫೋನ್' ತೆರೆದರೆ ಬೇರೆ ಬೇರೆ ಸ್ವಿಚ್‌ಗಳು ಕಾಣುತ್ತವೆ. ಮೊದಲನೆಯದು ಇಡೀ ಕಂಪ್ಯೂಟರಿಗೆ. ಅದನ್ನು ಅಡ್ಮಿನಿಸ್ಟ್ರೇಟರ್ ಮಾತ್ರ ಬದಲಿಸಬಲ್ಲರು. ಎರಡನೆಯದು ನಿಮ್ಮ ಖಾತೆಯ ಆ್ಯಪ್‌ಗಳಿಗೆ. ಕೆಳಗಡೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದೇ ಇನ್ನೊಂದಿದೆ. ಬ್ರೌಸರಿನಲ್ಲಿ ಮೀಟಿಂಗ್ ನಡೆಸುವವರು ಸಾಮಾನ್ಯವಾಗಿ ಗಮನಿಸದೆ ಬಿಡುವುದು ಈ ಕೊನೆಯದನ್ನೇ. ಕ್ಯಾಮೆರಾಕ್ಕೂ ಇದೇ ವ್ಯವಸ್ಥೆ. ಯಾವ ಆ್ಯಪ್ ಇತ್ತೀಚೆಗೆ ಮೈಕ್ ಬಳಸಿದೆ ಎಂಬ ಪಟ್ಟಿಯೂ ಅಲ್ಲೇ ಇದೆ. ಆಗಾಗ ಅದರ ಮೇಲೆ ಕಣ್ಣಾಡಿಸಿ, ಕಾರಣವಿಲ್ಲದೆ ಬಳಸುತ್ತಿರುವ ಆ್ಯಪ್‌ಗೆ ಅನುಮತಿ ತೆಗೆದುಬಿಡಿ.

ಹಳೆಯ ತಂತ್ರಾಂಶ, ಕನ್ನಡ ಟೈಪಿಂಗ್

ಕೆಲವು ಹಳೆಯ ತಂತ್ರಾಂಶಗಳು ತಮ್ಮ ಡೇಟಾವನ್ನು ತಮ್ಮದೇ ಪ್ರೋಗ್ರಾಂ ಫೋಲ್ಡರಿನಲ್ಲಿ ಬರೆಯುತ್ತವೆ. ಅಂಥವನ್ನು ಸದಾ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮಾಡುವುದಕ್ಕಿಂತ, ಆ ಡೇಟಾ ಫೋಲ್ಡರ್ ಒಂದಕ್ಕೆ ಮಾತ್ರ 'ಮಾಡಿಫೈ' ಅನುಮತಿ ಕೊಡುವುದು ಮೇಲು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಪ್ರೋಗ್ರಾಂನೊಳಗೆ ಕೀಲಿಗಳನ್ನು ಒತ್ತದಂತೆ ವಿಂಡೋಸ್ ತಡೆಯುತ್ತದೆ. ನಾವು ಒತ್ತಿದ ಕೀಲಿಯನ್ನು ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡುವ ಕೀಲಿಮಣೆ ತಂತ್ರಾಂಶ ಸಾಮಾನ್ಯ ಅಧಿಕಾರದಲ್ಲಿದ್ದು, ಪುಟವಿನ್ಯಾಸದ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ, ಅಲ್ಲಿ ಇಂಗ್ಲಿಷ್ ಅಕ್ಷರಗಳೇ ಮೂಡಬಹುದು. ಪುಟವಿನ್ಯಾಸವನ್ನು ಸಾಮಾನ್ಯವಾಗಿ ತೆರೆದು ನೋಡಿ.

ಅಪ್‌ಗ್ರೇಡ್‌ಗೆ ಮುನ್ನ

ಇನ್ನೂ ಬದಲಾಯಿಸಿಕೊಳ್ಳದವರು ಮೊದಲು ಫೈಲುಗಳ ಬ್ಯಾಕಪ್ ಮಾಡಿಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎನ್‌ಕ್ರಿಪ್ಟ್ ಆದ ಡೇಟಾ ಮಾಲೀಕತ್ವ ಬದಲಿಸಿದ ಮಾತ್ರಕ್ಕೆ ತೆರೆಯುವುದಿಲ್ಲ, ಅದಕ್ಕೆ ಕೀ ಬೇಕೇ ಬೇಕು. ಹಳೆಯ ವಿಂಡೋಸ್‌ಗೆ ಮರಳುವ ಅವಕಾಶ ಅಪ್‌ಗ್ರೇಡ್ ಆದ 10 ದಿನಗಳವರೆಗೆ ಮಾತ್ರ ಇರುತ್ತದೆ. ಹಾಗಾಗಿ ಮನೆಯ ಎಲ್ಲರ ಖಾತೆ, ಫೈಲು, ಮೈಕ್‌ಗಳನ್ನು ಆ ಅವಧಿಯೊಳಗೇ ಪರೀಕ್ಷಿಸಿ ಮುಗಿಸಿ. ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ, ಬೇಕಾದವರಿಗಷ್ಟೇ ಕೊಡಿ.