ಕೆಂಪು ನಾಲಿಗೆ ಚಾಚುವ ಕ್ಯಾಮೆರಾ

ಮುಸ್ಸಂಜೆಯ ಮಬ್ಬಿನಲ್ಲಿ ಒಲಿಂಪಸ್ ಟ್ರಿಪ್ 35 ಹಿಡಿದು ಬಟನ್ ಒತ್ತಿ ನೋಡಿ. ಕ್ಲಿಕ್ ಸದ್ದು ಬರುವುದಿಲ್ಲ. ಇಣುಕುಗಿಂಡಿಯಲ್ಲಿ ಕೆಂಪು ಪಟ್ಟಿಯೊಂದು ನಾಲಿಗೆ ಚಾಚಿದಂತೆ ಮೇಲೇಳುತ್ತದೆ, ಶಟರ್ ಬಿಗಿದುಕೊಳ್ಳುತ್ತದೆ. ‘ಬೆಳಕು ಸಾಲದು, ಸುಮ್ಮನೆ ಫಿಲ್ಮ್ ದಂಡ ಮಾಡಬೇಡ’ ಎಂದು ಗದರಿದ ಹಾಗೆ! ಒಳಗೆ ಬ್ಯಾಟರಿಯಿಲ್ಲ, ಚಿಪ್ ಇಲ್ಲ. ಕತ್ತಲಾಯಿತೆಂದು ಇದಕ್ಕೆ ಹೇಳಿದವರಾರು?

1967ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಕ್ಯಾಮೆರಾ ಹೆಸರಿಗೆ ತಕ್ಕಂತೆ ಪ್ರವಾಸಿಗರಿಗೆಂದೇ ಮಾಡಿದ್ದು. ಲೆನ್ಸಿನ ಸುತ್ತ ಜೇನುಹಟ್ಟಿಯಂತೆ ಗುಳ್ಳೆಗುಳ್ಳೆಯಾದ ಉಂಗುರವೊಂದಿದೆ. ಅದರ ಹಿಂದಿರುವುದು ಸೆಲೆನಿಯಂ. ಈ ಧಾತುವಿನ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆಂದು ಲಂಡನ್ನಿನ ಆಡಮ್ಸ್ ಮತ್ತು ಡೇ 1876ರಲ್ಲೇ ಕಂಡುಕೊಂಡಿದ್ದರು. ಇಲ್ಲಿ ಹುಟ್ಟುವ ಕರೆಂಟಿಗೆ ದೀಪ ಉರಿಸುವ ತಾಕತ್ತಿಲ್ಲ. ಕೂದಲಿನಷ್ಟು ಸಪೂರದ ಮುಳ್ಳೊಂದನ್ನು ಆಡಿಸಿದರೆ ಅದರ ಕೆಲಸ ಮುಗಿಯಿತು.

ಮಿಕ್ಕಿದ್ದೆಲ್ಲ ಗಡಿಯಾರದಂಥ ಯಂತ್ರಕೌಶಲ. ನೀವು ಬಟನ್ ಒತ್ತಿದೊಡನೆ ಮುಳ್ಳು ಇದ್ದಲ್ಲೇ ಸಿಕ್ಕಿಬೀಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ತುಂಡೊಂದು ಬಂದು ಆ ಮುಳ್ಳಿಗೆ ತಾಗಿ ನಿಲ್ಲುತ್ತದೆ. ಯಾವ ಮೆಟ್ಟಿಲು ತಾಗಿತೋ ಅದರಂತೆ ಅಪರ್ಚರ್, ಅಂದರೆ ಬೆಳಕನ್ನು ಒಳಬಿಡುವ ಕಿಂಡಿ, ಕಿರಿದಾಗುತ್ತದೆ ಅಥವಾ ಹಿರಿದಾಗುತ್ತದೆ. ಶಟರಿಗೆ ಇರುವುದು ಎರಡೇ ವೇಗ: ಬೆಳಕು ಚೆನ್ನಾಗಿದ್ದರೆ ಸೆಕೆಂಡಿನ 1/200 ಭಾಗ, ಇಲ್ಲದಿದ್ದರೆ 1/40. ಮುಳ್ಳು ಅಲುಗದೇ ಇದ್ದರೆ ಆ ತುಂಡನ್ನು ತಡೆಯುವವರಿಲ್ಲ. ಅದು ಪೂರ್ತಿ ಮುಂದೆ ಸರಿದು ಕೆಂಪು ನಾಲಿಗೆಯನ್ನು ಎಬ್ಬಿಸುತ್ತದೆ.

ಇಷ್ಟು ಜಾಣ ಯಂತ್ರ ಕೈಯಲ್ಲಿದ್ದರೂ ಹತ್ತಾರು ರೋಲ್ ಮುಗಿಯುವಷ್ಟರಲ್ಲಿ ಮನಸ್ಸು ಮೇಲಿನ ದರ್ಜೆಯ ಕ್ಯಾಮೆರಾದತ್ತ ಎಳೆಯುತ್ತದೆ. ನನಗೂ ಹಾಗೇ ಆಯಿತು. ಅಂಗಡಿಗೆ ಓಡುವ ಮೊದಲು ಹಳೆಯ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು, ಕೆಟ್ಟುಹೋದ ಚಿತ್ರಗಳನ್ನಷ್ಟೇ ವಿಂಗಡಿಸುತ್ತ ಕುಳಿತೆ.

ಒಂದಿಷ್ಟು ಚಿತ್ರಗಳು ಫೋಕಸ್ ತಪ್ಪಿದ್ದವು. ಟ್ರಿಪ್‌ನಲ್ಲಿ ದೂರವನ್ನು ಅಂದಾಜಿನಲ್ಲೇ ಹೊಂದಿಸಬೇಕು. ಅದಕ್ಕೆ ಲೆನ್ಸಿನ ಮೇಲೆ ನಾಲ್ಕು ಗುರುತು: ಒಬ್ಬ ವ್ಯಕ್ತಿ, ಇಬ್ಬರು, ಗುಂಪು, ಬೆಟ್ಟ. ಬಿಸಿಲಿನಲ್ಲಿ ಅಪರ್ಚರ್ ಎಫ್/11ರಷ್ಟು ಕಿರಿದಾಗಿರುವಾಗ, ಗುಂಪಿನ ಗುರುತಿಗೆ, ಅಂದರೆ 3 ಮೀಟರಿಗೆ ಇಟ್ಟರೆ ಸುಮಾರು 2ರಿಂದ 8 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಅದೇ ಸಂಜೆ ಅಪರ್ಚರ್ ಎಫ್/2.8ಕ್ಕೆ ಪೂರ್ತಿ ತೆರೆದುಕೊಂಡಾಗ ಸ್ಪಷ್ಟತೆ ಉಳಿಯುವುದು 2.6ರಿಂದ 3.6 ಮೀಟರಿನ ನಡುವೆ ಮಾತ್ರ. ಮಧ್ಯಾಹ್ನ ನಡೆಯುವ ಅಂದಾಜು ಸಂಜೆ ನಡೆಯುವುದಿಲ್ಲ.

ಇನ್ನಷ್ಟು ಚಿತ್ರಗಳು ಅಲುಗಿದ್ದವು. 1/40ರಲ್ಲಿ ಓಡುವ ಮಗು ಹೊಗೆಯ ಹಾಗೆ ಕದಡಿಹೋಗುತ್ತದೆ.

ಈ ಎರಡಕ್ಕೂ ಮದ್ದು ಒಲಿಂಪಸ್ ಎಕ್ಸ್‌ಎ. ಯೋಶಿಹಿಸಾ ಮೈತಾನಿ ರೂಪಿಸಿದ, 1979ರಲ್ಲಿ ಬಂದ ಪುಟಾಣಿ ಇದು. ದೂರ ಅಳೆಯುವ ರೇಂಜ್‌ಫೈಂಡರ್ ಇದೆ, ಶಟರ್ 1/500ರವರೆಗೂ ಓಡುತ್ತದೆ. ಅಪರ್ಚರ್ ನಮ್ಮ ಕೈಯಲ್ಲೇ. ಆದರೆ ಗುಂಡಿಯಂಥ ಬ್ಯಾಟರಿಗಳಿಲ್ಲದೆ ಅದು ಕೆಲಸ ಮಾಡದು.

ಇದನ್ನೇ ಕೊಳ್ಳೋಣವೆಂದು ನಿಶ್ಚಯಿಸಿದ್ದೆ. ಆಗ ಹೊಳೆದದ್ದು: ಮೂರನೆಯ ಗುಂಪೊಂದಿದೆ, ಅದು ನೆಗೆಟಿವ್‌ನಲ್ಲೇ ಇಲ್ಲ! ಕೆಂಪು ನಾಲಿಗೆ ತಡೆದ ಚಿತ್ರಗಳವು. ಕೆಟ್ಟ ಚಿತ್ರವಾದರೂ ಒಂದು ಗುರುತು ಉಳಿಸುತ್ತದೆ. ತೆಗೆಯದೇ ಬಿಟ್ಟದ್ದನ್ನು ನೆನಪಿನಿಂದಲೇ ಎಣಿಸಬೇಕು. ಎಣಿಸಿದೆ. ರಾತ್ರಿ ಒಂದೇ ಬಲ್ಬಿನ ಬೆಳಕಲ್ಲಿ ಅಮ್ಮ ರೊಟ್ಟಿ ತಟ್ಟುವುದು, ಕರೆಂಟು ಹೋದಾಗ ಜಗುಲಿಯಲ್ಲಿ ಕೂತವರ ಮುಖ. ನಾನು ನಿಜಕ್ಕೂ ಬಯಸಿದ್ದ ಚಿತ್ರಗಳೆಲ್ಲ ಅಲ್ಲೇ ಇದ್ದವು.

ಅವುಗಳಿಗೆ ಎಕ್ಸ್‌ಎಯಿಂದ ಹೆಚ್ಚೇನೂ ಉಪಯೋಗವಿಲ್ಲ. ಅದರ ಲೆನ್ಸೂ ಎಫ್/2.8ರದ್ದೇ. ಕತ್ತಲಲ್ಲಿ ಅದು ಶಟರನ್ನು ಬಹಳ ಹೊತ್ತು ತೆರೆದಿಡಬಲ್ಲದು, ನಿಜ; ಆದರೆ ಅಷ್ಟು ಹೊತ್ತು ನನ್ನ ಕೈಯಾಗಲಿ ಅಮ್ಮನ ಕೈಯಾಗಲಿ ನಿಲ್ಲುವುದಿಲ್ಲ. ಎಫ್/1.4ರ ಲೆನ್ಸಾದರೆ ಅದರ ನಾಲ್ಕರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದು ಬೇಕಿದ್ದರೆ ಲೆನ್ಸ್ ಬದಲಾಯಿಸಬಹುದಾದ ಎಸ್ಎಲ್ಆರ್ ಕ್ಯಾಮೆರಾಗಳತ್ತ ಹೋಗಬೇಕು, ಜೇಬಿನಲ್ಲಿ ಹಿಡಿಯುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಪರವಾಗಿಲ್ಲ, ಅಡುಗೆಮನೆಗೆ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕೆಂದೇನಿಲ್ಲ. ಬಿಸಿಲಿಗೆ ಟ್ರಿಪ್ ಇದ್ದೇ ಇದೆ.